ಕಾಫಿ ಬೇರಿನೊಳಗಿನ ನೂಲು

ಜೀವಕೋಶ ಎರಡಾಗಿ ಒಡೆಯೋದನ್ನ ಕಣ್ಣಾರೆ ಕಂಡೋನು ಹಾನುಬಾಳು ಹೋಬಳಿಗೆಲ್ಲ ನಾನೊಬ್ಬನೇ. ಕಾಫಿ ಗಿಡದ ರೋಗ ಪರೀಕ್ಷೆ ಮಾಡೋಕೆ ಊರಿಗೆ ಬಂದು ಅದನ್ನ ತೋರಿಸಿದ ಮೇಡಂ ಕಂಪ್ಯೂಟರು, ಮೈಕ್ರೋಸ್ಕೋಪು ಕಟ್ಟಿಕೊಂಡು ಹೋಗ್ಬುಟ್ಟರು, ಸಾಕ್ಷಿ ಕೇಳಬೇಡಿ.

ನನ್ನವಳು ಸಾಯೋ ಮುಂಚೆ ನೆಟ್ಟ ಕಾಫಿ ಗಿಡ ಒಣಗುತ್ತಿತ್ತು. ಬದುಕುತ್ತಾ ನೋಡಿ ಅಂತ ಬೇರಿನ ತುದಿ ಕೊಯ್ದು ಕೊಟ್ಟೆ. ಮೇಡಂ ಮೊದಲು ಚೆನ್ನಾಗಿರೋ ಗಿಡದ್ದು ತೋರಿಸಿದರು. ಕೋಶದೊಳಗೆ ಹೊಳೆಯೋ ನೂಲುಗಳು ಅರ್ಧ ಅತ್ತ, ಅರ್ಧ ಇತ್ತ ಸರಿದಿದ್ದವು. ಕೋಶ ಹಿಂಗೆ ಒಡೀತಿದ್ರೆ ಬೇರಿಗೆ ಜೀವ ಇದೆ ಅಂತ ಅಂದರು. ಆಮೇಲೆ ನಮ್ಮದಿಟ್ಟರು.

"ಇದರಲ್ಲಿ ಒಂದೂ ಒಡೀತಿಲ್ಲ ಅಜ್ಜ."

"ಗಾಜು ಒರೆಸಿ ನೋಡಿ ತಾಯಿ."

ಒರೆಸಿದರು. ಹಂಗೇ ಇತ್ತು.

"ಕೊನೇಗೆ ನಾನು ಬಗ್ಗಿ ನೋಡ್ದೆ, ಒಂದು ಒಡೀತು," ಅಂತ ಟೀ ಅಂಗಡೀಲಿ ಹೇಳ್ತಿದ್ದೆ. ಅಂಗಡಿಯವನು ಒಲೆ ಕೆದಕುತ್ತ, "ಮತ್ತೆ ಮೊನ್ನೆ ನೀನೇ ಸೌದೆಗೆ ತಂದುಕೊಟ್ಟ ಈ ಕಾಫಿ ಬೊಡ್ಡೆ ಯಾವ ಗಿಡದ್ದು ಅಜ್ಜ?" ಅಂದ.

ಟವಲು ಕೊಡವಿ ಹೆಗಲಿಗೆ ಹಾಕಿಕೊಂಡೆ. "ನಾನು ನೋಡ್ದಾಗ ಒಡೀತಿತ್ತು ಕಣೋ."