ನನ್ನ ಜೊತೆ ಓದಿದ ಆಶಾ ಕಾರ್ಯಕರ್ತೆ

ನಲವತ್ತೈದನೇ ವಯಸ್ಸಿನಲ್ಲಿ ಬಿ.ಎ. ಪರೀಕ್ಷೆಗೆ ಕಟ್ಟಿದ್ದ ಹೊಣಕೆರೆಯ ಆಶಾ ಕಾರ್ಯಕರ್ತೆಯೊಬ್ಬರು ನನ್ನ ಜೊತೆ ಮನಶ್ಶಾಸ್ತ್ರ ಓದುತ್ತಿದ್ದರು. ಖಿನ್ನತೆಗೆ ಕಾರಣಗಳೇನೆಂದು ನಾನು ಒಪ್ಪಿಸುವಾಗ, ವಂಶವಾಹಿ, ಮಿದುಳಿನ ಏರುಪೇರು, ಒಂಟಿತನ ಎಂದು ಒಂದೊಂದಕ್ಕೂ ಬೆರಳು ಮಡಿಸುತ್ತ, "ಇದೊಂದೇ ಅಲ್ಲ ಕಣವ್ವ, ಇನ್ನೂ ಅವೆ" ಎನ್ನುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ನಾವು ಓದುತ್ತಿದ್ದಲ್ಲಿಗೆ ಪಕ್ಕದ ಬೀದಿಯ ಹೆಂಗಸೊಬ್ಬರು ಬಂದು, "ನನ್ ಸೊಸೆ ಮಗೀನ ಎತ್ಕಳಾಕೂ ಏಳಾಕಿಲ್ಲ, ಮೈಗಳ್ಳಿ" ಎಂದು ದೂರಿದರು. ಇವರು ಪುಸ್ತಕ ಮುಚ್ಚಿ ಹೊರಟರು. ನಾನೂ ಹಿಂದೆ ಹೋದೆ.

ಬಾಣಂತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇವರು ತಲೆ ಸವರಿ, "ನಿದ್ದೆ ಬತ್ತದೇನವ್ವ?" ಎಂದಷ್ಟೇ ಕೇಳಿದರು.

"ಬದುಕಾದೇ ಬ್ಯಾಡ ಅನ್ಸದೆ ಅಕ್ಕ" ಎಂದು ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು.

"ಮೈಗಳ್ತನ ಅಲ್ಲ ಕಣತ್ತೆ, ಕಾಯ್ಲೆ. ವಾಸಿ ಆಯ್ತದೆ" ಎಂದು ಅತ್ತೆಗೆ ಹೇಳಿ, ತಾಯಿ ಮಗುವನ್ನು ಆಗಲೇ ನಾಗಮಂಗಲದ ಆಸ್ಪತ್ರೆಗೆ ಹೊರಡಿಸಿ, ತಾವೂ ಜೊತೆಗೆ ಹೊರಟರು.

"ನಾಳೆ ಪರೀಕ್ಷೆ ಅಕ್ಕ" ಎಂದೆ.

"ಅದು ಮುಂದಿನ್ವರ್ಸಾನೂ ಬತ್ತದೆ ಬುಡವ್ವ."

ಮರುದಿನ ಅವರು ಆಸ್ಪತ್ರೆಯಲ್ಲೇ ಉಳಿದರು. ಅವರ ಜಾಗ ಖಾಲಿಯಿದ್ದ ಕೋಣೆಯಲ್ಲಿ ನಾನು ಅವರ ಬಗ್ಗೆ ಹೆಮ್ಮೆಪಡುತ್ತ ಪರೀಕ್ಷೆ ಬರೆದೆ.

ಮುಂದಿನ ವರ್ಷ ಅವರೂ ಬರೆದರು. ಫಲಿತಾಂಶದ ದಿನ ಆ ಹುಡುಗಿ ಮಗುವನ್ನು ಕಂಕುಳಲ್ಲಿಟ್ಟುಕೊಂಡು, "ನಮ್ಮಕ್ಕ ಪಾಸಾಗವ್ರೆ" ಎಂದು ಬೀದಿಗೆಲ್ಲ ಸಕ್ಕರೆ ಹಂಚಿದಳು.