ಕಮಲಕ್ಕನ ಮೂಗು

ನನಗೀಗ ದೋಸೆ ಹುಯ್ಯುವುದೂ ಬೇಸರ, ಗಿರಾಕಿಗಳ ಮಾತು ಕೇಳುವುದೂ ಬೇಸರ. ಆದರೂ ಕಮಲಕ್ಕನ ವಿಷಯ ಹೇಳಿಬಿಡುತ್ತೇನೆ, ಹೇಳದೆ ನಿದ್ದೆ ಬರುವುದಿಲ್ಲ.

ಭಾನುವಳ್ಳಿಯ ಕಮಲಕ್ಕ ದಾವಣಗೆರೆಯ ನನ್ನ ಹೋಟೆಲಿಗೆ ಇಪ್ಪತ್ತಾರು ವರ್ಷ ಬೆಣ್ಣೆ ತಂದವಳು. ಬೆಳಗಾಗುತ್ತಲೇ ಊರಿನ ಮನೆಮನೆಗೆ ಹೋಗಿ, ಚೂರು ಬೆಣ್ಣೆಯನ್ನು ಮುಂಗೈ ಮೇಲೆ ತಿಕ್ಕಿ ಮೂಸುವಳು. ಹಳೆಯದಾಗಿದ್ದರೆ, "ಇದನ್ನ ನೀವೇ ಕಾಸ್ಕಳ್ರಿ ತಾಯಿ" ಎಂದು ವಾಪಸು ಕೊಡುವಳು. ಆಮೇಲೆ ಹರಿಹರಕ್ಕೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು. ಅವಳು ಮೂಸಿದ ಬೆಣ್ಣೆಯನ್ನು ನಾನು ಮತ್ತೆ ಮೂಸಿದವನೇ ಅಲ್ಲ.

ಹೋದ ವರ್ಷ ಒಂದೇ ವಾರದಲ್ಲಿ ಎರಡು ಸಲ ಗಿರಾಕಿಗಳು ಕಮಟು ವಾಸನೆ ಎಂದು ತಟ್ಟೆ ತಳ್ಳಿದರು. ನನ್ನ ಬಾಯಿ ಮೊದಲೇ ಹಾಳು. ಹೋಟೆಲ್ ತುಂಬ ಜನರಿದ್ದಾಗಲೇ, "ಹಳೇ ಬೆಣ್ಣೆ ಬೆರಸಿ ತರ್ತೀಯಲ್ಲ, ನಾಚ್ಕೆ ಆಗಲ್ವಾ? ಕಳ್ಳಿ! ನಾಳೆಯಿಂದ ಬರಬ್ಯಾಡ" ಎಂದೆ. ಅವಳು ಡಬ್ಬಿಗೆ ಮೂಗಿಟ್ಟು ಮತ್ತೆ ಮತ್ತೆ ಮೂಸಿದಳು. "ಏನೂ ವಾಸ್ನೆ ಇಲ್ಲಲ್ರಿ ಬಕ್ಕೇಶಣ್ಣ" ಎಂದಳು. ನಾಟಕ ಆಡುತ್ತಾಳೆಂದು ನನಗೆ ಇನ್ನೂ ಸಿಟ್ಟು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮೊನ್ನೆ ಪಾದ ಜೋಮು ಹಿಡಿಯುತ್ತದೆಂದು ನರರೋಗದ ಡಾಕ್ಟರ ಹತ್ತಿರ ಹೋದೆ. ಬೆಂಚಿನ ಮೇಲೆ ಕಮಲಕ್ಕ ಕೂತಿದ್ದಳು. ಬಲಗೈ ತಾನಾಗಿಯೇ ನಡುಗುತ್ತಿತ್ತು. ಪಕ್ಕದಲ್ಲಿದ್ದ ಮಗಳು ಆಶಾರಾಣಿ, "ಪಾರ್ಕಿನ್ಸನ್ ಅಂತ್ರಿ" ಎಂದಳು. "ಕೈ ನಡುಗೋಕಿಂತ ಎಷ್ಟೋ ವರ್ಷ ಮೊದ್ಲೇ ಮೂಗಿನ ಶಕ್ತಿ ಹೋಗಿರ್ತೈತಂತೆ. ಅವ್ವಗೆ ಗೊತ್ತೇ ಆಗಿಲ್ಲ."

ಅಯ್ಯೋ ಶಿವನೇ! ನಾನು ಬೆಂಚಿನ ತುದಿಗೆ ಕೂತೆ. ಅದು ಹೆಂಗೆ ಎಂದು ಆಶಾರಾಣಿಯನ್ನು ಕೇಳಿದೆ.

"ಮೆದುಳಿನ ಒಂದೊಂದು ಕಣಕ್ಕೂ ಕೊಬ್ಬಿನ ತೆಳು ಪೊರೆ ಐತಂತ್ರಿ. ಆ ಕೊಬ್ಬು ಕೆಟ್ರೆ ಮೆದುಳು ಕಾಯೋ ಕಣಗಳು ಕೆರಳಿ ಉರಿಯೂತ ಆಗ್ತೈತಂತೆ. ಅದು ಆರದೇ ಹೋದ್ರೆ ಪಕ್ಕದ ಚಲೋ ಕಣಗಳೂ ಸಾಯ್ತಾವಂತೆ. ಇದೂ ಒಂದು ಕಾರಣ ಇರಬಹುದು, ಪೂರಾ ಇನ್ನೂ ಯಾರಿಗೂ ಗೊತ್ತಿಲ್ಲ ಅಂದ್ರು ಡಾಕ್ಟ್ರು."

"ಊರೋರ ಬೆಣ್ಣೆ ಮೂಸಿ ಮೂಸಿ ವಾಪಸ್ ಕೊಟ್ಟೆ," ಎಂದಳು ಕಮಲಕ್ಕ. "ತಲ್ಯಾಗಿಂದು ಮೂಸಾಕ ಆಗ್ಲಿಲ್ಲ ನೋಡ್ರಿ."

ಆಶಾರಾಣಿ ನನ್ನ ಮುಖ ನೋಡಲಿಲ್ಲ. "ಕಾಯಿಲೆ ಹೆಂಗೋ ತಡ್ಕಂತಾಳ್ರಿ. ಕಳ್ಳಿ ಅಂದ್ರಲ್ಲ, ಅದೊಂದು ತಡ್ಕಳಾಕ ಆಗಿಲ್ಲ. ವರ್ಷದಿಂದ ಅವ್ವ ಬೀದಿಗೇ ಬಂದಿಲ್ಲ" ಎಂದಳು.

ನನಗೆ ಅಳು ಬಂತು. ಕಮಲಕ್ಕನ ಕಿವಿಯ ಹತ್ತಿರ ಬಗ್ಗಿ, "ತಪ್ಪಾಯ್ತು ಕಣಕ್ಕ. ನೀನು ಕಳ್ಳಿ ಅಲ್ಲ" ಎಂದೆ.

"ಬೈಯೋವಾಗ ಗಟ್ಟಿಯಾಗಿ ಬೈದಿದ್ರಿ," ಎಂದಳು.

ಎದ್ದು ನಿಂತೆ. "ಈಕೆ ಕಳ್ಳಿ ಅಲ್ರಪ್ಪೋ! ತಪ್ಪು ನಂದು!" ಎಂದು ಕೂಗಿಯೇಬಿಟ್ಟೆ. ಕಾಯುತ್ತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ನರ್ಸ್ ಗದರಿದಳು.

ಕಮಲಕ್ಕ ನಡುಗುವ ಕೈಯಿಂದಲೇ ನನ್ನ ಅಂಗಿ ಹಿಡಿದು ಜಗ್ಗಿದಳು.

"ಕೂಡ್ರಿ ಅಣ್ಣ. ಇವರ್ಯಾರೂ ಅವತ್ತು ಇರ್ಲಿಲ್ಲ."