ರಜಾಯಿಯ ಮೇಲಿನ ಆರು ಕಾಲು

ಕೀಟವನ್ನು ಗುರುತಿಸಬೇಕಾದರೆ ಮೊದಲು ಅದರ ಕಾಲುಗಳನ್ನು ಎಣಿಸಬೇಕು ಎಂದು ಪುಸ್ತಕಗಳು ಹೇಳುತ್ತವೆ. ಎಣಿಸಿ ಮುಗಿಯುವವರೆಗೆ ಅಲುಗಾಡದೆ ನಿಲ್ಲಬೇಕೆಂದು ಕೀಟಕ್ಕೆ ಮಾತ್ರ ಯಾರೂ ಹೇಳಿರುವುದಿಲ್ಲ. ಆರಾದರೆ ಕೀಟ, ಎಂಟಾದರೆ ಜೇಡದ ಬಳಗ, ಅದಕ್ಕೂ ಮಿಕ್ಕಿದರೆ ಚಪ್ಪಲಿ ಹುಡುಕುವ ಹೊತ್ತು. ನನ್ನ ಕೀಟಶಾಸ್ತ್ರ ಇಷ್ಟೇ. ಇದನ್ನು ನಂಬಿಯೇ ಮಯೂರ್ ವಿಹಾರದ ನಮ್ಮ ಮನೆಯ ಮಾನವನ್ನು ನಾನು ಹರಾಜಿಗಿಟ್ಟದ್ದು.

ಮೆಟ್ರೊ ಆಗಿನ್ನೂ ನಮ್ಮ ಕಡೆಗೆ ಬಂದಿರಲಿಲ್ಲ. ದೀಪಾವಳಿ ಕಳೆದಿತ್ತು. ಬಿಸಿಲು ಹದವಾಗಿತ್ತು ಎಂದು ಬರೆಯಲು ಕೈ ಹೋಗುತ್ತಿದೆ. ಆದರೆ ನೆನಪಿನಲ್ಲಿ ದಿಲ್ಲಿಯ ಬಿಸಿಲು ಯಾವಾಗಲೂ ಹದವಾಗಿಯೇ ಇರುವುದರಿಂದ ನಾನದನ್ನು ನಂಬುವುದಿಲ್ಲ. ದಿವಾನಿನ ಹೊಟ್ಟೆಯೊಳಗೆ ಬೇಸಗೆಯಿಡೀ ಮಲಗಿದ್ದ ರಜಾಯಿಗಳನ್ನು, ಹತ್ತಿ ತುಂಬಿದ ಆ ಭಾರದ ಹೊದಿಕೆಗಳನ್ನು, ನಾನೂ ನನ್ನ ಹೆಂಡತಿ ವಿಮಲೆಯೂ ತಾರಸಿಗೆ ಹೊತ್ತದ್ದು ನಿಜ. ಅದಕ್ಕೆ ನನ್ನ ಬೆನ್ನು ಸಾಕ್ಷಿ. ಹೊದೆಯುವವರು ನಾವಲ್ಲ. ಎದುರು ಮನೆಯ ನಿವೃತ್ತ ಕರ್ನಲ್ ಪೊನ್ನಪ್ಪನವರ ಮಗಳನ್ನು ನೋಡಲು ಮಡಿಕೇರಿಯಿಂದ ಗಂಡಿನ ಕಡೆಯವರು ಆ ಸಂಜೆ ಬರುವವರಿದ್ದರು. ನೆಂಟರು ಒಂದು ಮನೆಗೆ ಬಂದರೆ ಅವರ ಹಾಸಿಗೆ ಹೊದಿಕೆ ಉಳಿದ ಕನ್ನಡ ಮನೆಗಳಿಂದ ಹೋಗುವುದು ನಮ್ಮಲ್ಲಿಯ ಪದ್ಧತಿ.

ರಜಾಯಿಯ ಅಂಚಿನಲ್ಲಿ ಅದು ಕಾಣಿಸಿತು: ಕಂದು ಬಣ್ಣ, ಮೊಟ್ಟೆಯಾಕಾರ, ಎಳ್ಳಿಗಿಂತ ತುಸು ದೊಡ್ಡದು. ಆರು ಕಾಲು.

"ತಿಗಣೆ!" ಎಂದೆ, ಹೊಸ ಗ್ರಹವನ್ನು ಕಂಡುಹಿಡಿದವನ ಹೆಮ್ಮೆಯಿಂದ.

"ಮೆಲ್ಲಗೆ ರೀ! ಆಂಟಿ ಕೂತಿದಾರೆ," ಎಂದು ವಿಮಲೆ ಹಲ್ಲು ಕಚ್ಚಿದಳು.

ಮೂರನೆಯ ಮಹಡಿಯ ಆಂಟಿಗೆ ಕನ್ನಡ ಬಾರದು. ಬಾಗಿದ ನಮ್ಮ ಬೆನ್ನುಗಳೇ ಅವರಿಗೆ ಸಾಕಾದವು. "ಖಟ್ಮಲ್ ಹೈ ಕ್ಯಾ?" ಎಂದು ತಿಗಣೆಯನ್ನೇ ಊಹಿಸಿ, ತಮ್ಮ ರಜಾಯಿಯನ್ನು ಅತ್ತ ಎಳೆದುಕೊಂಡು, "ಯೇ ಮದ್ರಾಸಿ ಲೋಗ್..." ಎಂದು ಬಟಾಣಿ ಬಿಡಿಸತೊಡಗಿದರು.

ಅಷ್ಟರಲ್ಲಿ ಹೊದಿಕೆ ಒಯ್ಯಲು ಕರ್ನಲರೇ ಬಂದರು. ಕೊಟ್ಟರೆ ಸಂಬಂಧ ಮುರಿದೀತು, ಕೊಡದಿದ್ದರೆ ಸ್ನೇಹ. ವಿಷಯ ಹೇಳಿದ್ದೇ ತಡ, ಅವರು ತಾರಸಿಯ ಮೇಲೆ ಬೋರಲು ಮಲಗಿ ಶತ್ರುವನ್ನು ನಿರುಕಿಸಿದರು.

"ನೋಡ್ರೀ, ಮೊದಲು ಆಕಾರ. ವಿಮಾನ ನಮ್ಮದೋ ಅವರದೋ ಅಂತ ಹೀಗೇ ಹೇಳ್ತಿದ್ವಿ. ರೆಕ್ಕೆ ಇದೆಯಾ?"

"ಕಾಣೋದಿಲ್ಲ, ಕರ್ನಲ್ ಸಾಹೇಬ್ರೇ."

"ಅಚ್ಛಾ. ಹಾಗಾದ್ರೆ ತಿಗಣೆಯೇ. ಚಲೋ, ರಜಾಯಿ ಕ್ಯಾನ್ಸಲ್!"

ಆ ತೀರ್ಪನ್ನು ಕೇಳಿಸಿಕೊಂಡಂತೆ ತಿಗಣೆ ಬೆನ್ನನ್ನು ಎರಡಾಗಿ ತೆರೆದು, ಒಳಗಿನಿಂದ ರೆಕ್ಕೆ ಎಳೆದು, ಹಾರಿ ಕರ್ನಲರ ಮೀಸೆಯ ಮೇಲೆ ಇಳಿಯಿತು. ಅವರಿಗೆ ಮೀಸೆಯೇ ಇರಲಿಲ್ಲ ಎನ್ನುತ್ತಾಳೆ ವಿಮಲೆ. ಇರಲಿಕ್ಕಿಲ್ಲ, ಹಾರಿದ ಹುಳಕ್ಕೆ ಇಳಿಯಲು ನಾನೊಂದು ಜಾಗ ಮಾಡಿಕೊಟ್ಟಿರಬೇಕು.

"ಅಯ್ಯೋ, ನನ್ನ ಹುರುಳಿ!" ಎಂದು ಅವಳು ಕೆಳಗೆ ಓಡಿದಳು. ಅವಳ ಅಣ್ಣ ಹಾಸನದಿಂದ ತಂದ ಹುರುಳಿಚೀಲ, ಊರಿನಿಂದ ಬಂದದ್ದೆಲ್ಲ ಸೇರುವ ಜಾಗಕ್ಕೇ ಸೇರಿತ್ತು: ದಿವಾನಿನೊಳಗೆ, ರಜಾಯಿಗಳ ಅಡಿಗೆ. ಕಾಳುಗಳಲ್ಲಿ ದುಂಡನೆಯ ತೂತುಗಳು. ಚೀಲದ ತುಂಬ ನಮ್ಮ ತಿಗಣೆಯ ಬಂಧುಬಳಗ.

"ದಾಲ್ ಕಾ ಕೀಡಾ," ಎಂದು ನಾನು ತಾರಸಿಗೆ ಮರಳಿ, ಅದು ಬರೀ ಕಾಳಿನ ಹುಳವೆಂದು ಆಂಟಿಗೆ ವರದಿ ಒಪ್ಪಿಸಿದೆ.

"ಅರೆ, ವೋ ತೋ ಹಮಾರೇ ರಾಜ್ಮಾ ಮೇಂ ಭೀ ಹೋತಾ ಹೈ!" ಎಂದು, ತಮ್ಮ ಮನೆಯ ಕಾಳಿನಲ್ಲೂ ಅದಿರುವುದನ್ನು ಒಪ್ಪಿಕೊಂಡು, ಅವರು ರಜಾಯಿಯನ್ನು ಮತ್ತೆ ನಮ್ಮದರ ಪಕ್ಕಕ್ಕೆ ಎಳೆದರು. ವಿಂಧ್ಯದ ಕೆಳಗಿನವರನ್ನೆಲ್ಲ ಮದ್ರಾಸಿಗಳೆನ್ನುವ ಅವರ ಮೇಲೆ ವರ್ಷಗಟ್ಟಲೆ ಸಿಡುಕಿದ್ದೆ. ಕಂಡ ಕಂದು ಬಣ್ಣಕ್ಕೆಲ್ಲ ತಿಗಣೆ ಎಂದ ಮೇಲೆ ಸಿಡುಕುವ ಹಕ್ಕು ಅರ್ಧಕ್ಕರ್ಧ ಇಳಿಯಿತು. ಪೂರ್ತಿ ಬಿಟ್ಟುಕೊಟ್ಟಿಲ್ಲ.

ಕೊಡವಿ, ಬಡಿದು, ಮತ್ತೆ ಕೊಡವಿದ ರಜಾಯಿಗಳು ಎದುರು ಮನೆಗೆ ಹೋದವು. ರೈಲಿನಲ್ಲಿ ತಪ್ಪಿದ ನಿದ್ದೆಯನ್ನೆಲ್ಲ ನೆಂಟರು ಅವುಗಳಡಿಯಲ್ಲಿ ತೀರಿಸಿಕೊಂಡರು. ಮರುದಿನ ಮಧ್ಯಾಹ್ನದ ಊಟಕ್ಕೆ ಕೂರುವ ಮೊದಲೇ ಸಂಬಂಧ ಕೂಡಿಬಂತು. ಹುಳ ಹಿಡಿಯದ ಕಾಳುಗಳನ್ನು ಆರಿಸಿ, ತೊಳೆದು, ವಿಮಲೆ ಹುರುಳಿ ಸಾರು ಮಾಡಿ ಕಳಿಸಿದ್ದಳು. ಊಟಕ್ಕೆ ಕರ್ನಲರು ನಮ್ಮನ್ನೂ ಕರೆದಿದ್ದರು. ಗಂಡಿನ ತಂದೆ ಮತ್ತೆ ಮತ್ತೆ ಹಾಕಿಸಿಕೊಂಡರು. ಆಗ ನನ್ನ ಬಟ್ಟಲಿನಲ್ಲಿ ಕಂದು ಬಣ್ಣದ, ದುಂಡನೆಯದೊಂದು ತೇಲಿತು. ಎದುರಿನಿಂದ ಕರ್ನಲರು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆಯದೆ, ಬಾಗಿ, ಕಾಲು ಎಣಿಸಿದೆ.

ಒಗ್ಗರಣೆಯ ಸಾಸಿವೆ. ಎಣಿಸಿ ಮುಗಿಯುವವರೆಗೆ ಅದೊಂದು ಮಾತ್ರ ಅಲುಗಾಡದೆ ನಿಂತಿತ್ತು.